ಕೇಬಲ್ ಮೋಡೆಮ್‌ಗೆ ಲ್ಯಾಪ್‌ಟಾಪ್ ನೇರವಾಗಿ ಜೋಡಿಸಿದರೆ ಇಂಟರ್‌ನೆಟ್ ಬರುತ್ತದೆ, ರೌಟರ್ ಜೋಡಿಸಿದರೆ ಬರುವುದಿಲ್ಲ

ತುಂಗಾತೀರ (ಎಡಿಸನ್, ನ್ಯೂಜೆರ್ಸಿ), ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಕೇಬಲ್ ಟಿವಿಯ ತಂತಿಯಲ್ಲೇ ಇಂಟರ್‌ನೆಟ್ ಬರುತ್ತದೆ. ಹಳೆಯ ಮೋಡೆಮ್ ಕೆಟ್ಟಿದ್ದರಿಂದ ಕಳೆದ ಭಾನುವಾರ ಕಂಪನಿಯ ತಂತ್ರಜ್ಞರು ಬಂದು ಬೇರೊಂದನ್ನು ಕೂರಿಸಿದರು. ಇದರಲ್ಲಿ ವೈಫೈ ಇಲ್ಲ. ಮನೆಯ ಲ್ಯಾಂಡ್‌ಲೈನ್ ಫೋನಿಗೆ ಒಂದು ಪೋರ್ಟ್, ಇಂಟರ್‌ನೆಟ್‌ಗೆ ಒಂದು ಪೋರ್ಟ್, ಅಷ್ಟೇ. ಅವರು ನನ್ನ ಲ್ಯಾಪ್‌ಟಾಪನ್ನೇ ಮೋಡೆಮ್‌ಗೆ ಜೋಡಿಸಿ, ಎರಡು ಜಾಲತಾಣಗಳನ್ನು ತೆರೆದು ತೋರಿಸಿ, ಮೋಡೆಮ್‌ವರೆಗೆ ಮಾತ್ರ ತಮ್ಮ ಹೊಣೆ ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ನಾನು ನಮ್ಮ ಹಳೆಯ ರೌಟರನ್ನು ಜೋಡಿಸಿದೆ. ವೈಫೈ ಹೆಸರು ಕಾಣುತ್ತದೆ, ಫೋನುಗಳು ಅದಕ್ಕೆ ಸೇರಿಕೊಳ್ಳುತ್ತವೆ, ಆದರೆ ಇಂಟರ್‌ನೆಟ್ ಇಲ್ಲ. ರೌಟರಿಗೆ ವಯಸ್ಸಾಯಿತೆಂದು ಹೊಸದನ್ನು ತಂದೆ; ಅದೂ ಹಾಗೆಯೇ. ಅಂಗಡಿಯವರು ಅದನ್ನು ಬದಲಾಯಿಸಿ ಕೊಟ್ಟರು, ಮೂರನೆಯದೂ ಹಾಗೆಯೇ. ರೌಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸದ ಜಾಗದಲ್ಲಿ 0.0.0.0 ಎಂದು ತೋರಿಸುತ್ತದೆ. ಅದೇ ತಂತಿಯನ್ನು ರೌಟರಿನಿಂದ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದರೆ ಅರ್ಧ ನಿಮಿಷದಲ್ಲಿ ಎಲ್ಲವೂ ಸರಿ. ಮೋಡೆಮ್‌ನ ಪವರ್ ವೈರನ್ನು ಕಿತ್ತು ಮತ್ತೆ ಹಾಕುವ ಕೆಲಸವನ್ನು ಈ ವಾರದಲ್ಲಿ ಹತ್ತು ಸಲವಾದರೂ ಮಾಡಿದ್ದೇನೆ. ಕಂಪನಿಗೆ ಕರೆ ಮಾಡಿದರೆ ತೊಂದರೆ ನಿಮ್ಮ ರೌಟರಿನದು ಎನ್ನುತ್ತಾರೆ. ಮೂರು ರೌಟರುಗಳು ಒಂದೇ ರೀತಿ ಕೆಟ್ಟಿರಲು ಸಾಧ್ಯವೇ? ಮನೆಯಿಂದಲೇ ಕಚೇರಿ ಕೆಲಸ ಮಾಡುವವಳಾದ್ದರಿಂದ ವಾರವಿಡೀ ಊಟದ ಮೇಜಿನ ಪಕ್ಕದಲ್ಲಿ ತಂತಿಗೆ ಅಂಟಿಕೊಂಡು ಕುಳಿತಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಹಳೇಬೇರು (ಮೈಸೂರು), ಶನಿವಾರ

ನಮಸ್ಕಾರ ಮೇಡಂ. ಕೇಬಲ್ ಇಂಟರ್‌ನೆಟ್ ಜಾಲಗಳ ನಿರ್ವಹಣೆಯಲ್ಲಿ ಅನೇಕ ವರ್ಷ ಕೆಲಸ ಮಾಡಿದವನು ನಾನು. ನಿಮ್ಮ ವಿವರಣೆ ಸ್ಪಷ್ಟವಾಗಿದೆ. ಮೂರು ರೌಟರುಗಳು ಒಂದೇ ಲಕ್ಷಣ ತೋರಿಸಿದ್ದರಿಂದ ರೌಟರನ್ನು ಸದ್ಯಕ್ಕೆ ಅನುಮಾನದಿಂದ ಹೊರಗಿಡೋಣ. ಮೂರನೆಯದನ್ನು ವಾಪಸು ಕೊಡಬೇಡಿ. ನಾಲ್ಕು ವಿಷಯಗಳನ್ನು ತಿಳಿಸಿ.

ಮೋಡೆಮ್‌ನಿಂದ ಬಂದ ತಂತಿಯನ್ನು ರೌಟರಿನ ವ್ಯಾನ್ ಪೋರ್ಟಿಗೇ, ಅಂದರೆ ಹೊರಗಿನ ಸಂಪರ್ಕದ ಪೋರ್ಟಿಗೇ, ಹಾಕಿದ್ದೀರಾ? ಸಾಮಾನ್ಯವಾಗಿ ಅದಕ್ಕೆ ಬೇರೆ ಬಣ್ಣವಿರುತ್ತದೆ, ಉಳಿದ ನಾಲ್ಕರಿಂದ ಸ್ವಲ್ಪ ದೂರ ಇರುತ್ತದೆ. ಆ ಪೋರ್ಟಿನ ದೀಪ ಹೊತ್ತಿಕೊಳ್ಳುತ್ತದೆಯೇ? ರೌಟರಿನ ಸೆಟ್ಟಿಂಗ್‌ನಲ್ಲಿ ಸಂಪರ್ಕದ ಬಗೆಯನ್ನು ಏನೆಂದು ಆರಿಸಿದ್ದೀರಿ? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಮೋಡೆಮ್‌ನ ಪವರ್ ವೈರ್ ಕಿತ್ತಾಗ ಅದರ ದೀಪಗಳೆಲ್ಲವೂ ನಿಜವಾಗಿಯೂ ಆರುತ್ತವೆಯೇ? ದಯವಿಟ್ಟು ಈಗ ಮತ್ತೊಮ್ಮೆ ವೈರ್ ಕಿತ್ತು, ಮೋಡೆಮ್‌ನ ಮುಂಭಾಗವನ್ನು ಕಣ್ಣಾರೆ ನೋಡಿ ಹೇಳಿ.

ಜಯನಗರವಾಸಿ (ಬೆಂಗಳೂರು), ಶನಿವಾರ

ಸಂಪರ್ಕದ ಬಗೆಯ ಕುರಿತು ಒಂದು ಮಾತು. ನಮ್ಮ ಊರಿನಲ್ಲಿ ಅನೇಕ ಸಂಪರ್ಕಗಳಿಗೆ ಪಿಪಿಪಿಒಇ ಎಂಬ ಬಗೆಯನ್ನು ಆರಿಸಿ, ಆಪರೇಟರ್ ಕೊಟ್ಟ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ತುಂಬಬೇಕು. ಅದೇ ಅಭ್ಯಾಸದಲ್ಲಿ ಅಮೆರಿಕದ ಕೇಬಲ್ ಸಂಪರ್ಕಕ್ಕೂ ಅದನ್ನೇ ಆರಿಸಿ, ಇಲ್ಲದ ಪಾಸ್‌ವರ್ಡಿಗಾಗಿ ಎರಡು ದಿನ ಹುಡುಕಿದ ಸಂಬಂಧಿಕರೊಬ್ಬರು ನನಗಿದ್ದಾರೆ. ಅಲ್ಲಿನ ಕೇಬಲ್ ಸಂಪರ್ಕದಲ್ಲಿ ಮೋಡೆಮ್‌ನ ಗುರುತೇ ಚಂದಾದಾರರ ಗುರುತು. ರೌಟರಿನಲ್ಲಿ ಡಿಎಚ್‌ಸಿಪಿ ಅಥವಾ ಆಟೋಮ್ಯಾಟಿಕ್ ಐಪಿ ಎಂಬುದನ್ನು ಆರಿಸಿದರೆ ಸಾಕು, ಯಾವ ಪಾಸ್‌ವರ್ಡೂ ಬೇಕಾಗಿಲ್ಲ.

ನನ್ನ ಮನೆಯಲ್ಲಿ ರೌಟರ್ ಬದಲಾಯಿಸಿದಾಗಲೂ ಇಂಥದೇ ಲಕ್ಷಣ ಕಂಡಿತ್ತು. ಆಪರೇಟರ್ ಕಚೇರಿಗೆ ಫೋನ್ ಮಾಡಿದಾಗ "ಮ್ಯಾಕ್ ಬೈಂಡ್ ಆಗಿದೆ ಸರ್, ರೀಸೆಟ್ ಮಾಡ್ತೀವಿ" ಎಂದರು. ಅಂದರೆ ಹಳೆಯ ರೌಟರಿನ ಗುರುತಿನ ಸಂಖ್ಯೆಗೇ (ಮ್ಯಾಕ್ ವಿಳಾಸ) ಸಂಪರ್ಕವನ್ನು ಕಟ್ಟಿಹಾಕಿದ್ದರು; ಎರಡು ನಿಮಿಷದಲ್ಲಿ ಸರಿಯಾಯಿತು. ಇದೂ ಅಂಥದೇ ಇರಬಹುದೇ?

ತುಂಗಾತೀರ, ಶನಿವಾರ ಮಧ್ಯಾಹ್ನ

ವ್ಯಾನ್ ಪೋರ್ಟಿಗೇ ಹಾಕಿದ್ದೇನೆ, ದೀಪ ಹೊತ್ತುತ್ತದೆ. ಸಂಪರ್ಕದ ಬಗೆ ಆಟೋಮ್ಯಾಟಿಕ್ ಐಪಿ ಎಂದೇ ಇದೆ.

ನಾಲ್ಕನೆಯ ಪ್ರಶ್ನೆ ಓದಿ ಮೋಡೆಮ್‌ನ ಎದುರು ಮಂಡಿಯೂರಿ ಕುಳಿತು ವೈರ್ ಕಿತ್ತೆ. ದೀಪಗಳು ಆರಲಿಲ್ಲ. ಮೇಲಿನ ಪವರ್ ದೀಪ ನಿಂತು ಉರಿಯುವ ಬದಲು ಮಿನುಗತೊಡಗಿತು, ಉಳಿದವು ಇದ್ದಂತೆಯೇ ಇದ್ದವು. ಲ್ಯಾಂಡ್‌ಲೈನ್ ಎತ್ತಿದರೆ ಡಯಲ್ ಟೋನ್ ಕೂಡ ಕೇಳಿಸಿತು. ಇಷ್ಟು ದಿನವೂ ವೈರನ್ನು ಮೇಜಿನ ಹಿಂದಿನ ಸಾಕೆಟ್‌ನಿಂದ ಕೀಳುತ್ತಿದ್ದೆ, ಮೋಡೆಮ್ ಪುಸ್ತಕದ ಕಪಾಟಿನ ಮೇಲಿತ್ತು. ದೀಪಗಳ ಕಡೆ ನೋಡಿರಲೇ ಇಲ್ಲ. ಈಗ ತಿರುಗಿಸಿ ನೋಡಿದರೆ ತಳದಲ್ಲಿ ಬೆರಳಿನಿಂದ ಜಾರಿಸುವ ಒಂದು ಮುಚ್ಚಳವಿದೆ.

ಹಳೇಬೇರು, ಶನಿವಾರ

ಹಾಗಾದರೆ ನಿಮ್ಮ ಮೋಡೆಮ್ ಭಾನುವಾರದಿಂದ ಇಂದಿನವರೆಗೆ ಒಮ್ಮೆಯೂ ಆರಿಲ್ಲ. ಆ ಮುಚ್ಚಳದೊಳಗೆ ಬ್ಯಾಟರಿ ಇದೆ. ಕರೆಂಟ್ ಹೋದಾಗಲೂ ತುರ್ತು ಕರೆ ಮಾಡಲು ಸಾಧ್ಯವಾಗಬೇಕೆಂದು ಫೋನ್ ಸೌಲಭ್ಯವಿರುವ ಕೆಲವು ಮೋಡೆಮ್‌ಗಳಲ್ಲಿ ಅದನ್ನು ಇಡುತ್ತಾರೆ. ಒಳ್ಳೆಯ ಉದ್ದೇಶದ ಏರ್ಪಾಡು ಅದು. ಆದರೆ ಮೋಡೆಮ್ ಆರಿಸಿ ಹೊತ್ತಿಸಿ ಎಂಬ ಸಲಹೆಯನ್ನು ಅದು ಸದ್ದಿಲ್ಲದೆ ವಿಫಲಗೊಳಿಸುತ್ತದೆ.

ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿದ್ದರೆ ಮುಂದೆ ಯಾವ ಉಪಕರಣ ಬದಲಾಯಿಸಿದಾಗಲೂ ನೀವು ಸಿಕ್ಕಿಹಾಕಿಕೊಳ್ಳುವುದಿಲ್ಲ. ಕೇಬಲ್ ಮೋಡೆಮ್‌ಗಳು ಡಾಕ್ಸಿಸ್ ಎಂಬ ಮಾನದಂಡದಂತೆ ಕೆಲಸ ಮಾಡುತ್ತವೆ. ಅದರ ಮೊದಲ ಆವೃತ್ತಿ 1997ರಲ್ಲಿ ಬಂತು, 3.0 ಆವೃತ್ತಿ 2006ರಲ್ಲಿ, 3.1 ಆವೃತ್ತಿ 2013ರಲ್ಲಿ. ಮೋಡೆಮ್ ಪ್ರತಿ ಸಲ ಹೊತ್ತಿಕೊಂಡಾಗ ಮೊದಲು ಕಂಪನಿಯ ಸಂಕೇತವನ್ನು ಹುಡುಕಿ ಹಿಡಿಯುತ್ತದೆ, ನಂತರ ತನ್ನದೇ ಒಂದು ವಿಳಾಸ ಪಡೆಯುತ್ತದೆ, ಆಮೇಲೆ ಕಂಪನಿಯ ಸರ್ವರಿನಿಂದ ಒಂದು ಕಾನ್ಫಿಗರೇಶನ್ ಫೈಲ್ ಇಳಿಸಿಕೊಳ್ಳುತ್ತದೆ. ನೀವು ಹಣ ಕೊಟ್ಟ ವೇಗ ಎಷ್ಟು ಎಂಬುದರ ಜೊತೆಗೆ, ಈ ಮೋಡೆಮ್‌ನ ಹಿಂದೆ ಎಷ್ಟು ಉಪಕರಣಗಳಿಗೆ ಅನುಮತಿ ಇದೆ ಎಂಬುದೂ ಆ ಫೈಲಿನಲ್ಲಿರುತ್ತದೆ. ಮನೆಯ ಸಂಪರ್ಕಗಳಿಗೆ ಆ ಸಂಖ್ಯೆ ಹೆಚ್ಚಾಗಿ 1. ಮೋಡೆಮ್ ಹೊತ್ತಿಕೊಂಡ ನಂತರ ಅದಕ್ಕೆ ಮೊದಲು ಕಾಣಿಸಿದ ಉಪಕರಣದ ಮ್ಯಾಕ್ ವಿಳಾಸವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ಉಪಕರಣವೆಂದರೆ ತಂತಿಯ ಇನ್ನೊಂದು ತುದಿಯಲ್ಲಿ ನೇರವಾಗಿ ಇರುವುದು ಮಾತ್ರ. ರೌಟರಿನ ಹಿಂದಿರುವ ಫೋನು, ಟಿವಿಗಳು ಅದಕ್ಕೆ ಕಾಣುವುದೇ ಇಲ್ಲ. ಒಂದರ ಜಾಗ ತುಂಬಿದ ಮೇಲೆ ಎರಡನೆಯ ಉಪಕರಣ ಎಷ್ಟು ಕೂಗಿದರೂ ಮೋಡೆಮ್ ಅದರ ಮಾತನ್ನು ಮುಂದೆ ದಾಟಿಸುವುದಿಲ್ಲ. ತಂತಿ ಕಿತ್ತರೆ ಈ ನೆನಪು ಅಳಿಯದು. ಮೋಡೆಮ್ ಪೂರ್ತಿ ಆರಿ ಹೊತ್ತಿದರೆ ಮಾತ್ರ ಅಳಿಯುತ್ತದೆ.

ಈಗ ನಿಮ್ಮ ಭಾನುವಾರವನ್ನು ನೆನಪಿಸಿಕೊಳ್ಳಿ. ತಂತ್ರಜ್ಞರು ಮೊದಲು ಜೋಡಿಸಿದ್ದು ನಿಮ್ಮ ಲ್ಯಾಪ್‌ಟಾಪನ್ನು. ಆ ಒಂದೇ ಸ್ಥಾನ ಅಂದಿನಿಂದ ಅದರ ಹೆಸರಿನಲ್ಲಿದೆ. ಅದಕ್ಕೇ ಲ್ಯಾಪ್‌ಟಾಪ್ ಪ್ರತಿ ಸಲವೂ ಗೆಲ್ಲುತ್ತದೆ, ಮೂರು ರೌಟರುಗಳೂ ಸೋಲುತ್ತವೆ. ಲ್ಯಾಪ್‌ಟಾಪ್ ಕೆಲಸ ಮಾಡಿತೆಂಬ ಸಾಕ್ಷ್ಯದಿಂದ ರೌಟರ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವುದು ಕೇಬಲ್ ಮೋಡೆಮ್‌ನ ವಿಷಯದಲ್ಲಿ ತಪ್ಪು ಎಂದು ನಾನು ಒತ್ತಿ ಹೇಳಲು ಇದೇ ಕಾರಣ.

ಹೀಗೆ ಮಾಡಿ. ಲ್ಯಾಪ್‌ಟಾಪನ್ನು ಮೋಡೆಮ್‌ನಿಂದ ಬಿಡಿಸಿ, ಆ ತಂತಿಯನ್ನು ರೌಟರಿನ ವ್ಯಾನ್ ಪೋರ್ಟಿಗೆ ಹಾಕಿ, ಆದರೆ ರೌಟರನ್ನು ಆರಿಸಿಯೇ ಇಡಿ. ಮೋಡೆಮ್‌ನ ವೈರ್ ಕಿತ್ತು, ಬ್ಯಾಟರಿಯನ್ನೂ ಹೊರತೆಗೆಯಿರಿ. ಎಲ್ಲ ದೀಪಗಳೂ ಆರಿದ್ದನ್ನು ನೋಡಿ ಒಂದೆರಡು ನಿಮಿಷ ಕಾಯಿರಿ. ಬ್ಯಾಟರಿ ಮತ್ತು ವೈರ್ ಮರಳಿ ಹಾಕಿ; ಆನ್‌ಲೈನ್ ದೀಪ ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಲು ಮೂರರಿಂದ ಐದು ನಿಮಿಷ ಬೇಕಾಗಬಹುದು. ಅದಾದ ಮೇಲಷ್ಟೇ ರೌಟರ್ ಹೊತ್ತಿಸಿ. ನಡುವೆ ಪರೀಕ್ಷೆಗೆಂದು ಲ್ಯಾಪ್‌ಟಾಪನ್ನು ಮೋಡೆಮ್‌ಗೆ ಚುಚ್ಚಬೇಡಿ, ಸ್ಥಾನ ಮತ್ತೆ ಅದರ ಪಾಲಾಗುತ್ತದೆ.

ಜಯನಗರದವರು ಹೇಳಿದ ಮ್ಯಾಕ್ ಬೈಂಡ್ ಇದರ ಹತ್ತಿರದ ಸಂಬಂಧಿಯೇ. ವ್ಯತ್ಯಾಸವೆಂದರೆ ಅಲ್ಲಿ ನೆನಪು ಆಪರೇಟರ್ ಕಚೇರಿಯ ಸರ್ವರಿನಲ್ಲಿರುತ್ತದೆ, ಆದ್ದರಿಂದ ಫೋನ್ ಮಾಡಲೇಬೇಕು. ಇಲ್ಲಿ ನೆನಪು ನಿಮ್ಮ ಕಪಾಟಿನ ಮೇಲೆಯೇ ಇದೆ.

ತುಂಗಾತೀರ, ಶನಿವಾರ ಸಂಜೆ

ಬಂತು! ರೌಟರ್ ಹೊತ್ತಿಸಿದ ಎರಡನೆಯ ನಿಮಿಷಕ್ಕೆ ಹೊರಗಿನ ವಿಳಾಸದ ಜಾಗದಲ್ಲಿ ನಿಜವಾದ ಅಂಕೆಗಳು ಮೂಡಿದವು. ಮಗಳು ಮಹಡಿಯಿಂದಲೇ "ಅಮ್ಮಾ, ವೈಫೈ ಬಂತು" ಎಂದು ಕೂಗಿದಳು. ಆರು ದಿನಗಳ ಗೋಜಲು ಒಂದು ಬ್ಯಾಟರಿಯಲ್ಲಿತ್ತು. ನಿಮಗೆ ಹೃತ್ಪೂರ್ವಕ ಧನ್ಯವಾದಗಳು.

ಸಹ್ಯಾದ್ರಿ (ಉಡುಪಿ), ಭಾನುವಾರ

ಹಳೇಬೇರು ಅವರೇ, ರೌಟರುಗಳಲ್ಲಿ ಮ್ಯಾಕ್ ಕ್ಲೋನ್ ಎಂಬ ಸೌಲಭ್ಯವಿರುತ್ತದಲ್ಲವೇ? ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸವನ್ನೇ ರೌಟರಿಗೆ ಕೊಟ್ಟಿದ್ದರೆ ಬ್ಯಾಟರಿ ತೆಗೆಯುವ ಕೆಲಸವೇ ಇರಲಿಲ್ಲ. ನೀವು ಅದನ್ನು ಸೂಚಿಸದಿರಲು ಕಾರಣವೇನು?

ಹಳೇಬೇರು, ಭಾನುವಾರ

ಅದೂ ಕೆಲಸ ಮಾಡುತ್ತಿತ್ತು. ನೆನಪು ಆಪರೇಟರ್ ಕಡೆಯಲ್ಲಿದ್ದು, ಅವರು ಫೋನ್ ಎತ್ತದಿದ್ದಾಗ ನಾನೂ ಅದನ್ನು ಬಳಸಿದ್ದೇನೆ. ಆದರೆ ಕ್ಲೋನ್ ಮಾಡಿದ್ದನ್ನು ಜನ ಮರೆತುಬಿಡುತ್ತಾರೆ. ಎರಡು ವರ್ಷದ ನಂತರ ರೌಟರ್ ಕೆಟ್ಟು ಹೊಸದು ತಂದಾಗ, ಮಾರಿಬಿಟ್ಟ ಹಳೆಯ ಲ್ಯಾಪ್‌ಟಾಪಿನ ವಿಳಾಸ ಏಕೆ ಬೇಕೆಂಬುದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮೋಡೆಮ್‌ನ ನೆನಪನ್ನು ಅಳಿಸುವುದು ನೇರವಾದ ಮದ್ದು, ಬಾಕಿ ಏನನ್ನೂ ಉಳಿಸುವುದಿಲ್ಲ.

ತುಂಗಾತೀರ, ಗುರುವಾರ ರಾತ್ರಿ

ಮತ್ತೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ನಾಲ್ಕು ದಿನ ಚೆನ್ನಾಗಿದ್ದದ್ದು ನಿನ್ನೆ ಮತ್ತು ಇಂದು ಮಧ್ಯಾಹ್ನ ಎರಡರಿಂದ ಐದರ ನಡುವೆ ಮೂರು ನಾಲ್ಕು ಸಲ ಕಡಿದುಹೋಯಿತು. ಇಲ್ಲೀಗ ಜುಲೈ ತಿಂಗಳ ಸುಡುಬಿಸಿಲು. ಪ್ರತಿ ಸಲವೂ ರೌಟರನ್ನು ಆರಿಸಿ ಹೊತ್ತಿಸಿದರೆ ಮಾತ್ರ ಮರಳಿ ಬರುತ್ತದೆ. ಇಂದು ನಿಮ್ಮಿಂದ ಕಲಿತಂತೆ, ಆರಿಸುವ ಮೊದಲು ರೌಟರಿನ ಪುಟ ತೆರೆದು ನೋಡಿದೆ. ಹೊರಗಿನ ವಿಳಾಸ 0.0.0.0 ಅಲ್ಲ, 192.168.100.10 ಎಂದಿತ್ತು. ರೌಟರ್ ಕೆಟ್ಟಿದೆ ಎಂಬ ಅನುಮಾನ ಮತ್ತೆ ಶುರುವಾಗಿದೆ, ಏಕೆಂದರೆ ಅದನ್ನು ಆರಿಸಿದರೆ ಸರಿಹೋಗುತ್ತಿದೆಯಲ್ಲ.

ಹಳೇಬೇರು, ಶುಕ್ರವಾರ

ಕ್ಷಮೆಯ ಮಾತೇ ಬೇಡ. ಆ ವಿಳಾಸವನ್ನು ಬರೆದುಕೊಂಡು ಬಂದದ್ದು ಅರ್ಧ ಕೆಲಸ ಮುಗಿಸಿದಂತೆ.

ಹೊರಗಿನ ವಿಳಾಸ 0.0.0.0 ಇದ್ದರೆ ರೌಟರಿಗೆ ಯಾರೂ ಉತ್ತರಿಸಿಲ್ಲ ಎಂದರ್ಥ. ಕಂಪ್ಯೂಟರಿನಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಅದರ ಅರ್ಥವೂ ಅದೇ, ಉತ್ತರ ಬಾರದೆ ಕಂಪ್ಯೂಟರ್ ತಾನೇ ಒಂದು ವಿಳಾಸ ಹಚ್ಚಿಕೊಂಡಿದೆ. ಆದರೆ 192.168.100 ಎಂದು ಶುರುವಾಗಿದ್ದರೆ ಉತ್ತರ ಕೊಟ್ಟಿರುವುದು ಕಂಪನಿಯಲ್ಲ, ನಿಮ್ಮ ಮೋಡೆಮ್. ಕೇಬಲ್ ಮೋಡೆಮ್‌ನ ಸ್ವಂತ ಪುಟ ಸಾಮಾನ್ಯವಾಗಿ 192.168.100.1 ಎಂಬ ವಿಳಾಸದಲ್ಲಿರುತ್ತದೆ. ಹೊರಗಿನ ಸಂಕೇತ ಕಡಿದುಹೋದಾಗ ಕೆಲವು ಮೋಡೆಮ್‌ಗಳು, ಮನೆಯವರು ಆ ಪುಟವನ್ನಾದರೂ ನೋಡಲಿ ಎಂದು, ಅದೇ ಸಾಲಿನ ವಿಳಾಸವೊಂದನ್ನು ತಾತ್ಕಾಲಿಕವಾಗಿ ಕೊಡುತ್ತವೆ. ಸಂಕೇತ ಮರಳಿದ ಮೇಲೆ ರೌಟರ್ ಅದನ್ನು ಬಿಟ್ಟು ಕಂಪನಿಯಿಂದ ಹೊಸ ವಿಳಾಸ ಕೇಳಬೇಕು. ಕೆಲವು ರೌಟರುಗಳು ಕೇಳುವುದಿಲ್ಲ, ಕೈಗೆ ಸಿಕ್ಕಿದ್ದನ್ನೇ ಹಿಡಿದು ಕೂರುತ್ತವೆ. ಆರಿಸಿ ಹೊತ್ತಿಸಿದಾಗ ಹೊಸದಾಗಿ ಕೇಳುತ್ತವೆ. ಆದ್ದರಿಂದ ರೌಟರ್ ಆರಿಸಿದರೆ ಸರಿಹೋಗುತ್ತದೆ ಎಂಬುದು ನಿಜ, ಆದರೆ ಕಡಿತ ಶುರುವಾಗಿದ್ದು ರೌಟರಿನಲ್ಲಲ್ಲ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಮುಂದಿನ ಸಲ ಕಡಿದ ತಕ್ಷಣ ಲ್ಯಾಂಡ್‌ಲೈನ್ ಫೋನನ್ನು ಎತ್ತಿ ನೋಡಿ. ಅದು ರೌಟರನ್ನು ಮುಟ್ಟದೆ ನೇರವಾಗಿ ಮೋಡೆಮ್‌ನಿಂದ ಹೋಗುತ್ತದೆ. ಅದೂ ಸತ್ತಿದ್ದರೆ ರೌಟರ್ ನಿರಪರಾಧಿ. ಜೊತೆಗೆ 192.168.100.1 ಪುಟವನ್ನು ಬ್ರೌಸರಿನಲ್ಲಿ ತೆರೆಯಿರಿ. ಸಾಮಾನ್ಯವಾಗಿ ರೌಟರಿನ ಹಿಂದಿನಿಂದಲೂ ತೆರೆಯುತ್ತದೆ. ಅಲ್ಲಿ ಡೌನ್‌ಸ್ಟ್ರೀಮ್ ಪವರ್, ಎಸ್‌ಎನ್‌ಆರ್, ಅಪ್‌ಸ್ಟ್ರೀಮ್ ಪವರ್ ಎಂಬ ಕೋಷ್ಟಕಗಳಿರುತ್ತವೆ. ಕೊನೆಯಲ್ಲಿ ಇವೆಂಟ್ ಲಾಗ್ ಇರುತ್ತದೆ. ಅಂಕೆಗಳನ್ನು ಇಲ್ಲಿ ಬರೆಯಿರಿ, ಆದರೆ ಪುಟದ ಚಿತ್ರವನ್ನು ಹಾಗೆಯೇ ಹಾಕಬೇಡಿ. ಅದರಲ್ಲಿ ನಿಮ್ಮ ಮೋಡೆಮ್‌ನ ಮ್ಯಾಕ್ ವಿಳಾಸವಿರುತ್ತದೆ.

ತುಂಗಾತೀರ, ಶುಕ್ರವಾರ ಸಂಜೆ

ಮಧ್ಯಾಹ್ನ 3ರ ಹೊತ್ತಿಗೆ ಕಡಿಯಿತು. ಓಡಿಹೋಗಿ ಫೋನ್ ಎತ್ತಿದೆ: ಡಯಲ್ ಟೋನ್ ಇರಲಿಲ್ಲ.

ಮೋಡೆಮ್ ಪುಟದ ಅಂಕೆಗಳು ಹೀಗಿವೆ. ಡೌನ್‌ಸ್ಟ್ರೀಮ್ ಚಾನೆಲ್‌ಗಳ ಪವರ್ ಮೈನಸ್ 10.6ರಿಂದ ಮೈನಸ್ 12.1 ಡಿಬಿಎಂವಿ. ಎಸ್‌ಎನ್‌ಆರ್ 32ರಿಂದ 34 ಡಿಬಿ. ಅಪ್‌ಸ್ಟ್ರೀಮ್ ಪವರ್ 51ರಿಂದ 52 ಡಿಬಿಎಂವಿ. ಲಾಗ್‌ನಲ್ಲಿ ಟಿ3 ಟೈಮ್‌ಔಟ್ ಎಂಬ ಸಾಲು ಒಂದರ ಕೆಳಗೊಂದು ತುಂಬಿಕೊಂಡಿದೆ, ನಡುವೆ ಎರಡು ಕಡೆ ಟಿ4. ಇವು ಒಳ್ಳೆಯವೋ ಕೆಟ್ಟವೋ ನನಗೆ ತಿಳಿಯದು.

ಹಳೇಬೇರು, ಶುಕ್ರವಾರ ರಾತ್ರಿ

ಒಳ್ಳೆಯವಲ್ಲ, ಆದರೆ ಅವುಗಳ ಮಾತು ಸ್ಪಷ್ಟವಾಗಿದೆ.

ಡೌನ್‌ಸ್ಟ್ರೀಮ್ ಪವರ್ ಎಂದರೆ ಕಂಪನಿಯ ಕಡೆಯಿಂದ ಬಂದ ಸಂಕೇತ ನಿಮ್ಮ ಮೋಡೆಮ್ ತಲುಪುವಾಗ ಎಷ್ಟು ಗಟ್ಟಿಯಾಗಿದೆ ಎಂಬುದು. ಮಾನದಂಡದ ಪ್ರಕಾರ ಮೈನಸ್ 15ರಿಂದ ಪ್ಲಸ್ 15ರವರೆಗೆ ಮೋಡೆಮ್ ನಿಭಾಯಿಸಬೇಕು. ಆದರೆ ಮೈನಸ್ 7ರಿಂದ ಪ್ಲಸ್ 7ರೊಳಗೆ ಇದ್ದರೆ ನೆಮ್ಮದಿ ಎಂಬುದು ಕ್ಷೇತ್ರದಲ್ಲಿ ಕೆಲಸ ಮಾಡುವವರ ಲೆಕ್ಕ. ನಿಮ್ಮದು ಮೈನಸ್ 12. ಎಸ್‌ಎನ್‌ಆರ್ ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ. ಅದು 33ಕ್ಕಿಂತ ಮೇಲಿರಬೇಕು, ನಿಮ್ಮದು ಗೆರೆಯ ಮೇಲೆ ನಿಂತಿದೆ. ಅಪ್‌ಸ್ಟ್ರೀಮ್ ಪವರ್ ಮಾತ್ರ ಉಲ್ಟಾ ಓದಬೇಕಾದ ಅಂಕೆ. ಅದು ನಿಮ್ಮ ಮೋಡೆಮ್ ಕಂಪನಿಗೆ ಕೇಳಿಸಲು ಎಷ್ಟು ಜೋರಾಗಿ ಕೂಗಬೇಕಾಗಿದೆ ಎಂಬುದನ್ನು ಹೇಳುತ್ತದೆ. 40ರ ಆಸುಪಾಸಿನಲ್ಲಿದ್ದರೆ ಆರಾಮ, 50 ದಾಟಿದರೆ ಗಂಟಲು ಹರಿಯುವಂತೆ ಕೂಗುತ್ತಿದೆ ಎಂದರ್ಥ. ಟಿ3 ಎಂದರೆ ಆ ಕೂಗಿಗೆ ಉತ್ತರ ಬರಲಿಲ್ಲ ಎಂಬ ದಾಖಲೆ. ಹಾಗೆ ಪದೇ ಪದೇ ಆದಾಗ ಮೋಡೆಮ್ ಎಲ್ಲವನ್ನೂ ಕೈಬಿಟ್ಟು ಮೊದಲಿನಿಂದ ಸಂಪರ್ಕ ಹುಡುಕುತ್ತದೆ. ಆ ಹೊತ್ತಿನಲ್ಲೇ ನಿಮ್ಮ ರೌಟರಿಗೆ 192.168.100.10 ಸಿಗುತ್ತಿರುವುದು.

ಬಿಸಿಲಿನ ಹೊತ್ತಿಗೇ ಏಕೆ? ಕೋಆಕ್ಸಿಯಲ್ ತಂತಿ ಬಿಸಿಯಾದಷ್ಟೂ ಅದರಲ್ಲಿ ಸಂಕೇತದ ನಷ್ಟ ಸ್ವಲ್ಪ ಹೆಚ್ಚುತ್ತದೆ. ಆರೋಗ್ಯವಾಗಿರುವ ಸಂಪರ್ಕಕ್ಕೆ ಇದು ಲೆಕ್ಕಕ್ಕೇ ಬರದು, ಅಂಚಿನಲ್ಲಿರುವುದಕ್ಕೆ ಸಾಕು.

ಬಂದ ಸಂಕೇತ ಕ್ಷೀಣ, ಹೋಗುವ ಸಂಕೇತಕ್ಕೂ ವಿಪರೀತ ಶ್ರಮ. ಎರಡೂ ದಿಕ್ಕಿನಲ್ಲಿ ನಷ್ಟವಿದ್ದರೆ ನನ್ನ ಮೊದಲ ಅನುಮಾನ ದಾರಿಯಲ್ಲಿರುವ ಸ್ಪ್ಲಿಟರ್ (ಒಂದು ತಂತಿಯ ಸಂಕೇತವನ್ನು ಹಲವು ತಂತಿಗಳಿಗೆ ಹಂಚುವ ಸಣ್ಣ ಪೆಟ್ಟಿಗೆ) ಅಥವಾ ಸಡಿಲವಾದ ಕನೆಕ್ಟರ್. ಕೇಬಲ್ ಮನೆಯೊಳಗೆ ಬರುವ ಜಾಗದಿಂದ ಮೋಡೆಮ್‌ವರೆಗೆ ತಂತಿಯನ್ನು ಕೈಯಲ್ಲಿ ಹಿಡಿದು ಹಿಂಬಾಲಿಸಿ. ಎರಡು ಬಾಯಿಯ ಸ್ಪ್ಲಿಟರ್ ಸುಮಾರು 3.5 ಡಿಬಿ ತಿನ್ನುತ್ತದೆ, ನಾಲ್ಕು ಬಾಯಿಯದು ಸುಮಾರು 7 ಡಿಬಿ. ಯಾವ ಬಾಯಿಗೆ ಏನೂ ಜೋಡಿಸದಿದ್ದರೂ ಆ ನಷ್ಟ ಆಗಿಯೇ ಆಗುತ್ತದೆ.

ತುಂಗಾತೀರ, ಶನಿವಾರ

ನೆಲಮಾಳಿಗೆಯಲ್ಲಿ, ನೀರು ಕಾಯಿಸುವ ಟ್ಯಾಂಕಿನ ಹಿಂದೆ, ಹೊರಗಿನ ಗೋಡೆಯಿಂದ ಬಂದ ಕಪ್ಪು ತಂತಿ ಸಿಕ್ಕಿತು. ಅದು ಜೇಡರಬಲೆ ಮುಚ್ಚಿದ, ಬೆಂಕಿಪೊಟ್ಟಣದಷ್ಟು ದೊಡ್ಡ ಲೋಹದ ಪೆಟ್ಟಿಗೆಯೊಂದನ್ನು ಸೇರುತ್ತದೆ. ಒಂದು ಬಾಯಿ ಒಳಗೆ, ನಾಲ್ಕು ಬಾಯಿ ಹೊರಗೆ. ಒಂದೊಂದರ ಮೇಲೂ ಸಣ್ಣ ಅಕ್ಷರದಲ್ಲಿ 7 ಡಿಬಿ ಎಂದು ಅಚ್ಚಾಗಿದೆ. ಮೂರು ತಂತಿಗಳು ಮೇಲಿನ ಮಲಗುವ ಕೋಣೆಗಳಿಗೆ ಹೋಗುತ್ತವೆ. ಅಲ್ಲಿ ನಾವು ಏನನ್ನೂ ಜೋಡಿಸಿಲ್ಲ, ಹಿಂದಿನವರು ಟಿವಿ ಇಟ್ಟಿದ್ದರೇನೋ. ನಾಲ್ಕನೆಯದು ಮೋಡೆಮ್‌ಗೆ. ಆ ಕನೆಕ್ಟರನ್ನು ಮುಟ್ಟಿದರೆ ಬೆರಳಿಗೇ ತಿರುಗುತ್ತಿತ್ತು, ಅಷ್ಟು ಸಡಿಲ.

ಅಂಗಡಿಯಿಂದ ಎರಡೂ ಕಡೆ ತಿರುಪಿರುವ ಸಣ್ಣ ಜಾಯಿಂಟರ್ ತಂದು, ಸ್ಪ್ಲಿಟರನ್ನು ತೆಗೆದು, ಒಳಬರುವ ತಂತಿಯನ್ನು ಮೋಡೆಮ್ ತಂತಿಗೆ ನೇರವಾಗಿ ಜೋಡಿಸಿ ಬಿಗಿಮಾಡಿದೆ. ಈಗಿನ ಅಂಕೆಗಳು: ಡೌನ್‌ಸ್ಟ್ರೀಮ್ ಮೈನಸ್ 3.2ರಿಂದ ಮೈನಸ್ 4.9, ಎಸ್‌ಎನ್‌ಆರ್ 37ರಿಂದ 38, ಅಪ್‌ಸ್ಟ್ರೀಮ್ 44ರಿಂದ 45. ನೀವು ಹೇಳಿದ ಏಳು ಡೆಸಿಬೆಲ್‌ಗಳೂ ಎರಡೂ ಕಡೆ ಮರಳಿ ಬಂದಿವೆ. ಆ ಅಂಕೆಗಳನ್ನು ನೋಡಿ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ಸ್ವಲ್ಪ ಕಷ್ಟವಾಯಿತು.

ಒಂದು ಸಣ್ಣ ವಿಷಯ ಉಳಿದಿದೆ. ನಮ್ಮ ಯೋಜನೆ 400 ಎಂಬಿಪಿಎಸ್‌ನದು. ಎಲ್ಲಿ ಅಳೆದರೂ 94ಕ್ಕಿಂತ ಮೇಲೆ ಹೋಗುವುದಿಲ್ಲ, ರೌಟರಿಗೆ ತಂತಿಯಿಂದಲೇ ಜೋಡಿಸಿದರೂ ಅಷ್ಟೇ.

ಸಹ್ಯಾದ್ರಿ, ಶನಿವಾರ

ಇದಕ್ಕೆ ನಾನು ಉತ್ತರಿಸಬಲ್ಲೆ. 94 ಎಂಬುದು ಆಕಸ್ಮಿಕ ಸಂಖ್ಯೆಯಲ್ಲ. 100 ಎಂಬಿಪಿಎಸ್ ಈಥರ್‌ನೆಟ್ ಸಂಪರ್ಕದಲ್ಲಿ ಅದರದೇ ಖರ್ಚು ಕಳೆದು ಉಳಿಯುವ ವೇಗ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮೋಡೆಮ್ ಮತ್ತು ರೌಟರ್ ಪರಸ್ಪರ ಗಿಗಾಬಿಟ್‌ಗೆ ಒಪ್ಪಿಕೊಳ್ಳದೆ ನೂರಕ್ಕೆ ಇಳಿದಿವೆ. ಗಿಗಾಬಿಟ್‌ಗೆ ತಂತಿಯೊಳಗಿನ ನಾಲ್ಕೂ ಜೋಡಿಗಳು ಬೇಕು. ನೂರಕ್ಕೆ ಕಿತ್ತಳೆ ಮತ್ತು ಹಸಿರು ಬಣ್ಣದ ಎರಡು ಜೋಡಿ ಸಾಕು. ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ಎಳೆ ತುಂಡಾದರೂ ಸಂಪರ್ಕ ನಿಲ್ಲುವುದಿಲ್ಲ, ನೂರಕ್ಕೆ ಇಳಿಯುತ್ತದೆ, ದೀಪವೂ ಉರಿಯುತ್ತಲೇ ಇರುತ್ತದೆ. ಆದ್ದರಿಂದಲೇ ಯಾರಿಗೂ ತಂತಿಯ ಮೇಲೆ ಅನುಮಾನ ಬರುವುದಿಲ್ಲ. ಮೋಡೆಮ್ ಮತ್ತು ರೌಟರ್ ನಡುವಿನ ತಂತಿಯನ್ನು ಮೊದಲು ಬದಲಾಯಿಸಿ, ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿರುವುದನ್ನು ಹಾಕಿ.

ತುಂಗಾತೀರ, ಭಾನುವಾರ

ತಂತಿ ಕಪಾಟಿನ ಕಾಲಿನಡಿ ಸಿಕ್ಕಿ ಚಪ್ಪಟೆಯಾಗಿತ್ತು. ರೌಟರಿನ ಪೆಟ್ಟಿಗೆಯಲ್ಲೇ ಬಂದಿದ್ದ, ನಾನು ಬಿಚ್ಚಿಯೇ ಇರದ ತಂತಿಯನ್ನು ಹಾಕಿದೆ. 410 ಬಂತು.

ಧಾರವಾಡದವ (ಡಲ್ಲಾಸ್, ಟೆಕ್ಸಾಸ್), ಸೋಮವಾರ

ಈ ಚರ್ಚೆಯನ್ನು ಮೊದಲಿನಿಂದ ಓದಿ, ಹೇಳಿದ್ದನ್ನೆಲ್ಲ ಮಾಡಿ ನೋಡಿದೆ, ನನ್ನ ತೊಂದರೆ ಬಗೆಹರಿಯಲಿಲ್ಲ. ನನ್ನದು ಮೋಡೆಮ್ ಮತ್ತು ವೈಫೈ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು. ಮಹಡಿಯಲ್ಲಿ ಸಿಗ್ನಲ್ ಸಾಲದೆ ಹೊಸ ರೌಟರನ್ನು ಅದಕ್ಕೆ ಜೋಡಿಸಿದೆ. ಪೆಟ್ಟಿಗೆಯ ವೈಫೈನಲ್ಲಿ ಎಲ್ಲವೂ ಸರಿ, ಹೊಸ ರೌಟರಿನ ವೈಫೈನಲ್ಲಿ ಏನೂ ಬರುವುದಿಲ್ಲ. ರೌಟರಿನ ಹೊರಗಿನ ವಿಳಾಸ 192.168.1.23 ಎಂದಿದೆ, ರೌಟರಿನ ಸ್ವಂತ ವಿಳಾಸ 192.168.1.1.

ಹಳೇಬೇರು, ಸೋಮವಾರ

ನಿಮ್ಮದು ಬೇರೆಯೇ ರೋಗ, ಅದಕ್ಕೇ ಮೇಲಿನ ಮದ್ದು ತಾಗಲಿಲ್ಲ. ನಿಮ್ಮ ಪೆಟ್ಟಿಗೆ ಸ್ವತಃ ಒಂದು ರೌಟರ್. ಅದು ಮನೆಯೊಳಗೆ 192.168.1 ಎಂಬ ಸಾಲನ್ನು ಹಂಚುತ್ತಿದೆ. ಹೊಸ ರೌಟರ್ ಕೂಡ ತನ್ನ ಹಿಂದೆ ಅದೇ ಸಾಲನ್ನು ಹಂಚುತ್ತಿದೆ. ಒಂದೇ ಬೀದಿಯ ಹೆಸರು ಬಾಗಿಲಿನ ಎರಡೂ ಬದಿಗೆ ಇದ್ದಂತಾಯಿತು. ಪೊಟ್ಟಣವನ್ನು ಯಾವ ಬದಿಗೆ ಕಳಿಸಬೇಕೆಂದು ರೌಟರಿಗೆ ತಿಳಿಯುವುದಿಲ್ಲ. ಕೆಲವು ರೌಟರುಗಳು ಇದನ್ನು ಗುರುತಿಸಿ ತಮ್ಮ ಸಾಲನ್ನು ತಾವೇ ಬದಲಿಸಿಕೊಳ್ಳುತ್ತವೆ, ನಿಮ್ಮದು ಬದಲಿಸಿಕೊಂಡಿಲ್ಲ.

ನಿಮಗೆ ಬೇಕಿರುವುದು ಮಹಡಿಯಲ್ಲಿ ವೈಫೈ ಮಾತ್ರವಾದರೆ, ಹೊಸ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಅದು ವಿಳಾಸ ಹಂಚುವ ಕೆಲಸ ಬಿಟ್ಟು ವೈಫೈ ಮಾತ್ರ ಕೊಡುತ್ತದೆ. ನಿಮ್ಮ ಪರಿಸ್ಥಿತಿಗೆ ನಾನು ಇದನ್ನೇ ಸೂಚಿಸುತ್ತೇನೆ. ಹೊಸ ರೌಟರೇ ಮನೆಯ ಮುಖ್ಯ ರೌಟರಾಗಬೇಕು ಎಂದಿದ್ದರೆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ; ಹಾಗೆ ಮಾಡಿದೊಡನೆ ಅದು ಬರೀ ಮೋಡೆಮ್ ಆಗುತ್ತದೆ, ಮತ್ತು ಮೊದಲು ಕಂಡ ಉಪಕರಣದ ನಿಯಮ ನಿಮಗೂ ಅನ್ವಯಿಸುತ್ತದೆ, ಆದ್ದರಿಂದ ಪೂರ್ತಿ ಆರಿಸಿ ಹೊತ್ತಿಸುವುದನ್ನು ಮರೆಯಬೇಡಿ. ರೌಟರಿನ ಸಾಲನ್ನು 192.168.50.1 ಎಂದು ಬದಲಿಸಿದರೂ ಇಂಟರ್‌ನೆಟ್ ಬರುತ್ತದೆ. ಆದರೆ ಎರಡು ರೌಟರ್ ಒಂದರ ಹಿಂದೊಂದು ಉಳಿಯುವುದರಿಂದ, ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವಂಥ ಕೆಲಸಗಳಿಗೆ ಅಡ್ಡಿಯಾಗಬಹುದು.

ಧಾರವಾಡದವ, ಸೋಮವಾರ ರಾತ್ರಿ

ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ, ಮಹಡಿಯಲ್ಲೂ ಛಲೋ ಬರಲಿಕ್ಕೆ ಹತ್ತಿದೆ. ಭಾಳ ಉಪಕಾರ ಆತು ಸರ್.

ತುಂಗಾತೀರ, ಮುಂದಿನ ಭಾನುವಾರ

ಎಂಟು ದಿನಗಳಾದವು, ಒಮ್ಮೆಯೂ ಕಡಿದಿಲ್ಲ. ದಿನಾ ಸಂಜೆ ಲಾಗ್ ನೋಡುತ್ತೇನೆ, ಹೊಸ ಟಿ3 ಸಾಲು ಒಂದೂ ಇಲ್ಲ. ಕೊನೆಯ ಪ್ರಶ್ನೆ: ಮುಂದಿನ ತಿಂಗಳು ಅತ್ತೆಯವರು ಶಿವಮೊಗ್ಗದಿಂದ ಬರುತ್ತಾರೆ, ಅವರ ಕೋಣೆಗೆ ಕೇಬಲ್ ಟಿವಿ ಹಾಕಿಸಬೇಕೆಂದಿದ್ದೇವೆ. ಆಗ ಹಳೆಯ ಸ್ಪ್ಲಿಟರನ್ನೇ ಮತ್ತೆ ಹಾಕಬೇಕೇ?

ಹಳೇಬೇರು, ಭಾನುವಾರ

ಬೇಡ. 5ರಿಂದ 1000 ಮೆಗಾಹರ್ಟ್ಸ್ ಎಂದು ಅಚ್ಚಾಗಿರುವ ಎರಡು ಬಾಯಿಯ ಹೊಸ ಸ್ಪ್ಲಿಟರ್ ತನ್ನಿ. ಡಿಶ್‌ಗಾಗಿ ಮಾಡಿದ್ದನ್ನು ತರಬೇಡಿ. ಲೆಕ್ಕ ಹಾಕಿದರೆ ನಿಮ್ಮ ಡೌನ್‌ಸ್ಟ್ರೀಮ್ ಸುಮಾರು ಮೈನಸ್ 8ಕ್ಕೆ ಇಳಿಯುತ್ತದೆ, ಅಪ್‌ಸ್ಟ್ರೀಮ್ 48ರ ಹತ್ತಿರ ಏರುತ್ತದೆ. ನಡೆಯುತ್ತದೆ, ಆದರೆ ನೆಮ್ಮದಿಯ ಗೆರೆಯನ್ನು ಸ್ವಲ್ಪ ದಾಟಿದಂತೆ. ಆದ್ದರಿಂದ ಟಿವಿ ಜೋಡಿಸಲು ತಂತ್ರಜ್ಞರು ಬಂದಾಗ ಈ ಅಂಕೆಗಳನ್ನು ತೋರಿಸಿ, ಬೀದಿಯ ಕಂಬದಿಂದ ಮನೆಗೆ ಬರುವ ತಂತಿಯಲ್ಲಿ ನಷ್ಟವಿದೆಯೇ ಎಂದು ಅಳೆಯಲು ಕೇಳಿ; ಅದು ಅವರ ಹೊಣೆಯ ಭಾಗ. ಅತ್ತೆಯವರು ಊರಿಗೆ ಮರಳಿ ಟಿವಿ ತೆಗೆದ ಮೇಲೂ ಸ್ಪ್ಲಿಟರ್ ಉಳಿಯುವುದಾದರೆ, ಖಾಲಿ ಬಾಯಿಗೆ 75 ಓಮ್‌ನ ಟರ್ಮಿನೇಟರ್ ಮುಚ್ಚಳವನ್ನು ತಿರುಪಿ ಬಿಡಿ. ಹೊರಗಿನ ಗದ್ದಲ ಅದರ ಮೂಲಕ ಒಳಗೆ ಬರುವುದಿಲ್ಲ.